ಅಡವಿನ ಮನೆಗೆ ಗಾಜಿನ ಹೆಂಚು

ಚಿಕ್ಕನಾಯಕನಹಳ್ಳಿಯ ಕಂಬಳಿ ನೇಕಾರ ಹುಚ್ಚರಂಗಯ್ಯನ ಮನೆಗೆ ಕಿಟಕಿಯೇ ಇರಲಿಲ್ಲ. ವಯಸ್ಸು ಐವತ್ತರ ಹತ್ತಿರ ಬಂದಂತೆ ಕರಿ ಎಳೆಗಳನ್ನು ಅವನು ಬೆರಳಿನಿಂದಲೇ ಗುರುತು ಹಿಡಿಯಬೇಕಾಗಿತ್ತು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಲೇ, ಸೂರಿನಲ್ಲಿ ನಾಲ್ಕು ಗಾಜಿನ ಹೆಂಚು ಕೂತಂತೆ ಕನಸು ಕಾಣುತ್ತಿದ್ದ. ಆ ಕನಸಿನಲ್ಲಿ ಬೆಳಕು ಮೆಲ್ಲಗೆ ಇಳಿದು ಕಂಬಳಿಯ ಮೇಲೆ ಹರಡುತ್ತಿತ್ತು. ಇತ್ತ ಲಾಳಿ ಕೈಯಲ್ಲೇ ನಿಂತುಬಿಡುತ್ತಿತ್ತು.

"ಮತ್ತೆ ಎಲ್ಲಿಗೋದ್ರಿ?" ಎನ್ನುತ್ತಿದ್ದಳು ಉಣ್ಣೆ ನೂಲುತ್ತಿದ್ದ ಹೆಂಡತಿ ರಾಮಕ್ಕ.

"ಇಲ್ಲೇ ಇವ್ನಿ ಕಣೇ."

ಗಾಜಿನ ಹೆಂಚು ಬರುವುದು ಮಂಗಳೂರು ಹೆಂಚಿನ ಅಳತೆಯಲ್ಲಿ; ನಾಡಹೆಂಚಿನ ಸೂರಿಗೆ ಅದು ಕೂರದು. ಸೂರನ್ನೇ ಬದಲಿಸಿ ಮಂಗಳೂರು ಹೆಂಚು ಹೊದಿಸಬೇಕು. ಮನೆಯೋ, ತಂಗಿಯ ಮದುವೆಗೆಂದು ತಿಪಟೂರಿನ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರಲ್ಲಿ ಅಡವಿತ್ತು. ೧೯೭೯ರಲ್ಲಿ ಊರಿನ ಸಹಕಾರ ಸಂಘ ಅವರು ಹಾಕುತ್ತಿದ್ದುದರ ಅರ್ಧ ಬಡ್ಡಿಗೆ ಮನೆ ಮೇಲೆ ಸಾಲ ಕೊಡುತ್ತದೆಂದು ತಿಳಿದಾಗ, ಹಳೆಯ ಸಾಲ ತೀರಿಸಿ ಸೂರಿಗೂ ಉಳಿಯುವಷ್ಟು ಕೇಳಿ ಅರ್ಜಿ ಹಾಕಿದ.

ಸಂಘದ ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯ ಟೇಪು ಹಿಡಿದು ಬಂದು ಗೋಡೆಗಳನ್ನು ಅಳೆದರು.

"ನೋಡಪ್ಪ, ಮನೆ ಬೆಲೆ ನಾಲ್ಕು ಸಾವಿರ. ಅದ್ರಲ್ಲಿ ಮುಕ್ಕಾಲು ಪಾಲು, ಮೂರು ಸಾವಿರ ಕೊಡ್ಬೋದು. ನಿನ್ನ ಸಾಲವೇ ಮೂರು ಸಾವಿರದ ಇನ್ನೂರು. ಸೂರಿಗೆಲ್ಲಿಂದ ತರಾನ?"

"ಅಂಗಾರೆ ಈ ಮನೇಲಿ ನಂದು ಅಂತ ಏನೂ ಇಲ್ವಾ ಸ್ವಾಮಿ?"

"ಸಾಲ ಕಳೆದ್ರೆ ಎಂಟ್ನೂರು ರೂಪಾಯಷ್ಟು ಐತೆ ಕಣಪ್ಪ."

ಅವರು ಹೋದ ಮೇಲೆ ಹುಚ್ಚರಂಗಯ್ಯ ಮನೆಯೊಳಗೆಲ್ಲ ಸುತ್ತಾಡಿದ. ಐದರಲ್ಲೊಂದು ಪಾಲು ತನ್ನದು. ಅದು ಯಾವುದು? ಹೊಸಿಲೋ, ಒಲೆಯ ಗೋಡೆಯೋ? ಒಂದೊಂದನ್ನೂ ಮುಟ್ಟಿ ನೋಡಿದ. ಕೊನೆಗೆ ಮಗ್ಗದ ಮೂಲೆಯಲ್ಲಿ ಕೂತು, ಇದೇ ಇರಬೇಕು ಅಂದುಕೊಂಡ.

"ಸೂರು ಆಮೇಲಾಗ್ಲಿ. ಮೊದ್ಲು ಬಡ್ಡಿ ಇಳೀಲಿ," ಎಂದು ರಾಮಕ್ಕ, ಅವನು ನೇಯ್ದಿಟ್ಟಿದ್ದ ನಾಲ್ಕು ಕಂಬಳಿ ಕಟ್ಟಿಕೊಟ್ಟಳು.

ಸಂಘದ ಮೂರು ಸಾವಿರ ಹಿಡಿದು ಮಲ್ಲಿಕಾರ್ಜುನಯ್ಯನವರೂ ತಿಪಟೂರಿಗೆ ಜೊತೆಗೆ ಬಂದರು. ಶಂಭುಲಿಂಗಯ್ಯ ಕಂಬಳಿಯ ಅಂಚನ್ನು ಉಜ್ಜಿ ನೋಡಿದರು.

"ಯಾರು ನೇಯ್ದಿದ್ದು?"

"ನಾನೇ ಸ್ವಾಮಿ. ಕತ್ತಲಲ್ಲಿ."

ಕೊರತೆ ಬಿದ್ದ ಇನ್ನೂರಕ್ಕೆ ನಾಲ್ಕನ್ನೂ ಇಟ್ಟುಕೊಂಡು ಅವರು ಮನೆಯ ಅಡವಿನ ಪತ್ರ ಬಿಟ್ಟುಕೊಟ್ಟರು. ಅದೇ ವಾರ ಮನೆ ಸಂಘಕ್ಕೆ ಅಡವಾಯಿತು.

ಬಡ್ಡಿಯಲ್ಲಿ ಮಿಕ್ಕಿದ್ದನ್ನು ಕೂಡಿಡುತ್ತ ಮೂರು ವರ್ಷ ಕಳೆಯಿತು. ಇಡೀ ಮನೆಗೆ ಸಾಲದೆ, ಮಗ್ಗದ ಮೇಲಷ್ಟೇ ಹೊಸ ಹೆಂಚು ಬಂತು. ಗಾಜಿನವು ಎರಡೇ.

ಮೊದಲ ಬೆಳಗ್ಗೆ ಮಗ್ಗದ ಮೇಲಿನ ಕಂಬಳಿಯಲ್ಲಿ ಅಲ್ಲಲ್ಲಿ ತಪ್ಪಿದ ಎಳೆಗಳು ಕಂಡವು.

"ಇಷ್ಟು ವರ್ಷ ಇಂಗೇ ನೇಯ್ದಿದ್ನೇನೇ?"

"ಕೊಂಡೋರ್ಯಾರೂ ವಾಪಸ್ ತಂದಿಲ್ಲ ಬುಡಿ," ಎಂದು ರಾಮಕ್ಕ ನಕ್ಕಳು.

ಅವನೂ ನಕ್ಕ. ಅವತ್ತು ಒಂದೆಳೆಯನ್ನೂ ನೇಯಲಿಲ್ಲ. ಬಿಸಿಲ ತುಂಡು ಮೆಲ್ಲಗೆ ಸರಿದಂತೆಲ್ಲ ಅದರ ಹಿಂದೆಯೇ ಅಂಗೈ ಸರಿಸುತ್ತ, ಅದು ಗೋಡೆ ಹತ್ತುವವರೆಗೂ ಕೂತಿದ್ದ.