ಲಾರಿ ಹಗ್ಗ ಹಿಡಿದು ಘಾಟಿ ಹತ್ತಿದೆ

ಗೆಳೆಯರೇ, ಇವತ್ತು ನಾ ಮಾಡಿದ ಕೆಲಸ ಕೇಳಿ ಬೇಕಾದಷ್ಟು ಬೈರಿ. ಮುಂದಿನ ವಾರ ಹೊಸಪೇಟಿಯಿಂದ ಸಂಡೂರು ಗುಡ್ಡ ಸುತ್ತಿ ಬರೋ ಸೈಕಲ್ ಸವಾರಿ ಐತಲ್ಲ, ಅದರ ತಯಾರಿಗೆ ಬೆಳಿಗ್ಗೆ ಎಲ್ಲಾರೂ ಘಾಟಿ ಹತ್ತಾಕ ಹೋಗಿದ್ವಿ. "ಅದಿರು ಲಾರಿ ಹತ್ರ ಯಾರೂ ಹೋಗಬ್ಯಾಡ್ರಿ" ಅಂತ ಹೊರಡೋವಾಗ ಹೇಳಿದಾವ ನಾನೇ.

ಅರ್ಧ ಏರಿನಾಗ ನನ್ನ ತೊಡಿ ಸೋತ್ವು. ಪಕ್ಕದಾಗ ತುಂಬಿದ ಲಾರಿಯೊಂದು ತೆವಳಿಕೋತ ಹೊಂಟಿತ್ತು. ಹಿಂದ ಜೋತಾಡ್ತಿದ್ದ ತಾಡಪಾಲಿನ ಹಗ್ಗ ಹಿಡಿದುಬಿಟ್ಟೆ. ತಿರುವು ದಾಟಿ, ಮೊದಲೇ ಮ್ಯಾಲ ಮುಟ್ಟಿದ್ದ ನಮ್ಮ ಗುಂಪಿನ ಹುಡುಗರಿಗೆ ಕಾಣೂಕಿಂತ ಮೊದಲೇ ಬಿಟ್ಟೆ.

"ಈ ವಯಸ್ಸಿನಾಗ ಮಸ್ತ್ ಹತ್ತಿದ್ರಿ ಅಣ್ಣಾ!" ಅಂತ ಅವರು ಚಪ್ಪಾಳೆ ಹೊಡೆದ್ರು. ನಾ ನಕ್ಕೆ.

ಸ್ವಲ್ಪ ಹೊತ್ತಿಗೆ ನಮ್ಮ ಗುಂಪಿನ ಶಾರದಾ ಟೀಚರ್ ಸೈಕಲ್ ತಳ್ಳಿಕೊಂಡು ಬಂದ್ರು. ಮೊಣಕೈ ತರಚಿ ರಕ್ತ, ಮೈಯೆಲ್ಲಾ ಕೆಂಪು ಧೂಳು. ಹಿಂದ ಬಂದ ಇನ್ನೊಂದು ಲಾರಿ ಹಗ್ಗ ಹಿಡಿದು ಬಿದ್ದಿದ್ರಂತ.

"ಅಣ್ಣ ಅಷ್ಟು ಹೇಳಿದ್ರೂ ಕೇಳಲಿಲ್ಲಲ್ರಿ ಟೀಚರ್!" ಅಂತ ಎಲ್ಲಾರೂ ಅವರಿಗೇ ಬುದ್ಧಿ ಹೇಳಿದ್ರು. ಅವರು ತಲೆ ತಗ್ಗಿಸಿ ನಿಂತ್ರು. ನಾ ನೀರಿನ ಬಾಟ್ಲಿ ತೆಗೆದೆ.

ಗಾಯಕ್ಕ ನೀರು ಹಾಕೋವಾಗ ಟೀಚರ್ ನನಗಷ್ಟೇ ಕೇಳೂವಂಗ ಅಂದ್ರು: "ನಿಮ್ಮ ಹಿಂದೇ ಇದ್ದೆನ್ರಿ ಅಣ್ಣಾ. ಹಗ್ಗ ಹಿಡಿಯೋದು ನಿಮ್ಮನ್ನ ನೋಡಿ ಕಲ್ತೆ. ಬಿಡೋದು ಹೆಂಗಂತ ತಿರುವಿನಾಗ ಕಾಣಲಿಲ್ಲ."

ಆಮ್ಯಾಲೆ ಎಲ್ಲಾರ ಮುಂದ ನಿಜ ಹೇಳಿದೆ. ಯಾರೂ ಬೈಲಿಲ್ಲ, ನಗಲೂ ಇಲ್ಲ. ಎಲ್ಲಾರೂ ಟೀಚರ್ ಜೋಡಿ ಮೆಲ್ಲಗ ಇಳಕೋತ ಹೋದ್ರು, ನಾ ಒಬ್ಬನೇ ಹಿಂದ ಹೊಂಟೆ. ಇಳಿಜಾರಿನಾಗೂ ಪೆಡಲ್ ಇಷ್ಟು ಭಾರ ಇರ್ತದಂತ ನನಗ ಇವತ್ತೇ ಗೊತ್ತಾತು.