ಖಾಲಿ ಗಾಡಿ

ನಮ್ಮ ಮನೆಯಲ್ಲಿ ಎಲ್ಲರೂ ನನ್ನನ್ನು ಅಂಜುಬುರುಕಿ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಲಿಂಗಸುಗೂರಿನಿಂದ ಮಗಳನ್ನು ಕರೆತಂದ ಆ ಮಧ್ಯಾಹ್ನ ನನ್ನ ಜಾಗದಲ್ಲಿ ಯಾರಿದ್ದರೂ ಅಂಜುತ್ತಿದ್ದರು.

ಮೂಲ ಕಾರಣ ನಮ್ಮ ಹಳೇ ಕಾರಿನ ತುಕ್ಕು. ಚಕ್ರದ ಮೇಲಿನ ತಗಡು ಹಪ್ಪಳದಂತೆ ಮುರಿದು ಉದುರುತ್ತಿತ್ತು. ನಮ್ಮ ಯಜಮಾನರು ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದರು, ಕೈಗೆ ಕೆಲಸ ಬೇಕಿತ್ತು. ನಮ್ಮೂರು ಸಿಂಧನೂರಿನ ಡೆಂಟಿಂಗ್ ಕೆಲಸದವನೊಬ್ಬ, "ತ್ಯಾಪಿ ಹಚ್ಚೋದು ಬ್ಯಾಡ್ರಿ ಸರ್, ನಾಲ್ಕೂ ಮಡ್‌ಗಾರ್ಡ್ ಅಗಲ ಮಾಡಿ ಕೊಡ್ತೀನಿ, ಗಾಡಿಗೆ ಖದರ್ ಬರ್ತೈತಿ" ಅಂದನಂತೆ. ಬಂತು ಖದರ್! ಹೊಸ ತಗಡು ಎರಡೂ ಬದಿಗೆ ಉಬ್ಬಿ ನಿಂತಿತು, ಅದರೊಳಗೆ ಹಳೇ ಸಣಕಲು ಚಕ್ರಗಳು. "ಅಪ್ಪನ ಅಂಗಿ ತೊಟ್ಟ ಹುಡುಗನಂಗ ಕಾಣ್ತೈತಿ ನೋಡ್ರಿ" ಅಂತ ನಾನು ನಕ್ಕುಬಿಟ್ಟೆ. ಅವತ್ತಿನಿಂದ ಅವರಿಗೆ ಚಕ್ರದ ಹುಚ್ಚು ಹಿಡಿಯಿತು.

ನನ್ನ ಹೊಲಿಗೆಯ ಟೇಪು ಅವರ ಕಿಸೆ ಸೇರಿತು. ಊಟಕ್ಕೆ ಕರೆದರೆ, "ತಡಿ, ಒಳಗ ಎಷ್ಟು ಸಂದಿ ಐತಿ ನೋಡಾಕತ್ತೀನಿ" ಅಂತ ಗಾಡಿಯ ಬಗಲಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಹಳೇ ರಿಮ್ಮು ಹದಿಮೂರು ಇಂಚಿನದು, ಟೈರಿನ ಅಗಲ ನೂರ ಐವತ್ತೈದು ಮಿಲಿಮೀಟರು. ಅವರಿಗೆ ಬೇಕಾದದ್ದು ಹದಿನೈದರ ರಿಮ್ಮು, ನೂರ ತೊಂಬತ್ತೈದರ ಟೈರು. ಉಬ್ಬಿದ ತಗಡಿನ ತುದಿಗೂ ಟೈರಿನ ಬದಿಗೂ ಸಮ ಬರಬೇಕು, ಆಗಲೇ ನೋಡುವುದಕ್ಕೆ ಚಂದವಂತೆ.

ಟೈರಿನ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವರು ಮೊದಲು ಬೇಡವೆಂದೇ ಹೇಳಿದರು. "ಹದಿನಾಲ್ಕರ ರಿಮ್, ನೂರ ಎಪ್ಪತ್ತೈದರ ಟೈರ್ ಹಾಕ್ರಿ ಸರ್. ಹೊರಗ ಜಾಗ ಐತಿ ಅಂತ ಚಕ್ರ ಹೊರಗ ತಂದ್ರ, ಗಾಡಿ ಭಾರಕ್ಕ ಕುಂತಾಗ ತಗಡು ಬಡಿತೈತಿ. ಅಂದಂಗ, ಮಂದಿ ಎಷ್ಟು ಕೂಡ್ತೀರಿ?"

"ನಾವಿಬ್ರೇ ರೀ. ಸಂತಿ, ದವಾಖಾನಿ, ಅಷ್ಟ" ಅಂದರು ನಮ್ಮವರು.

"ಹಂಗಾದ್ರ ದೊಡ್ಡದೂ ನಡೀತೈತಿ, ಫಿಕರ್ ಮಾಡಬ್ಯಾಡ್ರಿ" ಅಂತ ಅವರು ಕೂಡಲೇ ಹೊಸ ಟೈರು ಉರುಳಿಸಿಕೊಂಡು ಬಂದರು. ಹಾಕಿದ ಮೇಲೆ ನಮ್ಮವರು ಟೈರಿಗೂ ತಗಡಿಗೂ ನಡುವೆ ಬೆರಳು ತೂರಿಸಿ ನೋಡಿದರು. ಎರಡು ಬೆರಳು ಹಿಡಿಸಿದವು. ಗಾಡಿಯೊಳಗೆ ಆಗ ಒಂದು ನರಪಿಳ್ಳೆಯೂ ಇರಲಿಲ್ಲ.

ನಮ್ಮ ಒಬ್ಬಳೇ ಮಗಳನ್ನು ಕೊಟ್ಟಿದ್ದು ಲಿಂಗಸುಗೂರಿಗೆ. ಅವಳು ಚೊಚ್ಚಲ ಬಸುರಿ. ಏಳು ತಿಂಗಳಿಗೆ ಬೀಗರ ಮನೆಯಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕರೆತರಬೇಕು. ಬಾಡಿಗೆಗೆ ದೊಡ್ಡ ಗಾಡಿ ಮಾಡೋಣ ಅಂದೆ. "ಮನ್ಯಾಗ ಗಾಡಿ ಇಟ್ಕೊಂಡು ಬಾಡಿಗಿ ಗಾಡ್ಯಾಗ ಹೋದ್ರ ಬೀಗರು ಏನಂತಾರ?" ಅಂತ ಮುಖ ಗಂಟಿಕ್ಕಿದರು. ನನ್ನ ಅಕ್ಕ, ಪಾಮನಕಲ್ಲೂರಿನಿಂದ ಬಂದ ನಾದಿನಿ, ನಾನು, ಮೂವರೂ ಹಿಂದೆ ಕೂತೆವು, ಮುಂದಿನ ಸೀಟಿನಲ್ಲಿ ಕುಬಸದ ಬುಟ್ಟಿಗಳು. ಮೂವರೂ ಮೈಕೈ ತುಂಬಿಕೊಂಡವರೇ. ಹೋಗುವಾಗ ತಗ್ಗು ಬಂದಲ್ಲಿ ಹಿಂದೆ ಒಂದೆರಡು ಸಲ ಗರ್ ಎಂದಿತು. "ಹೊಸಾ ಟೈರ್ ಹಂಗ ಸದ್ದು ಮಾಡ್ತಾವ" ಅಂದರು ನಮ್ಮವರು.

ಬರುವಾಗ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾವು ಬೇಡವೆಂದರೂ ಕೇಳದೆ ಬೀಗರು ಡಿಕ್ಕಿಗೆ ಒಂದು ಚೀಲ ತೊಗರಿಬೇಳೆ ಹಾಕಿದರು. ಗಾಡಿ ಹಿಂದಕ್ಕೆ ಕುಸಿದದ್ದು ನನ್ನ ಕಣ್ಣಿಗೇ ಕಂಡಿತು. ಶುಭ ಕೆಲಸದಲ್ಲಿ ಅಪಶಕುನ ನುಡಿಯಬಾರದೆಂದು ಬಾಯಿ ಮುಚ್ಚಿಕೊಂಡೆ.

ಊರು ದಾಟುತ್ತಿದ್ದಂತೆ ನಾನು ಕೂತ ಜಾಗದ ಬುಡದಲ್ಲೇ ಸದ್ದು ಶುರುವಾಯಿತು. ಮೊದಲು ತಗ್ಗಿನಲ್ಲಿ ಮಾತ್ರ, ಆಮೇಲೆ ಸಪಾಟು ರಸ್ತೆಯಲ್ಲೂ. ಒಂದೊಂದು ಸಲ ಗರ್ ಎಂದಾಗಲೂ ಮಗಳ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಎದುರಿಗೆ ಹುಲ್ಲು ಹೇರಿದ ಲಾರಿಗಳು. ಟೈರು ಈಗ ಸಿಡಿದರೆ ಗಾಡಿ ಯಾವ ಕಡೆ ಎಳೆಯುತ್ತದೆ, ಲಾರಿಯ ಕಡೆಗೋ ತಗ್ಗಿನ ಕಡೆಗೋ ಅಂತ ನನ್ನ ತಲೆ ಓಡುತ್ತಿತ್ತು. ಅಕ್ಕನ ತೊಡೆಯನ್ನು ನಾನು ಗಟ್ಟಿಯಾಗಿ ಹಿಡಿದಿದ್ದೆನಂತೆ, ಅವಳು ಆಮೇಲೆ ಹೇಳಿದಳು. ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯಿತು ನೋಡಿ, ಚೀರಿದೆ.

"ಗಾಡಿ ನಿಲ್ಲಸ್ರಿ!"

"ಏನಾಗಂಗಿಲ್ಲ ಸುಮ್ಮನಿರು ಮಾರಾಯ್ತಿ, ಮಸ್ಕಿಗೆ ಹೋಗಿ ನೋಡೂಣು."

"ನಿಲ್ಲಸ್ತೀರೋ, ಬಾಗಲಾ ತಗೀಲೋ?"

ನಿಲ್ಲಿಸಿದರು. ಇಳಿದು ಬಗ್ಗಿ ನೋಡಿದರೆ ಹಿಂದಿನ ಎರಡೂ ಟೈರಿನ ಹೊರಬದಿ ಕೊಯ್ದುಹೋಗಿ, ಹರಿದ ಸೀರೆಯ ಅಂಚಿನ ಹಾಗೆ ಒಳಗಿನ ಎಳೆಗಳು ಕಾಣುತ್ತಿದ್ದವು. ಆ ಪುಣ್ಯಾತ್ಮ ಡೆಂಟಿಂಗಿನವನು ಹೊರಗೆ ಹೊಸ ತಗಡು ಕೂಡಿಸಿದ್ದ, ಒಳಗಿನ ಹಳೇ ತಗಡಿನ ಅಂಚು ಕತ್ತರಿಸದೆ ಹಾಗೇ ಬಿಟ್ಟಿದ್ದ. ಭಾರಕ್ಕೆ ಗಾಡಿ ಕುಸಿದಾಗೆಲ್ಲ ಅದು ಟೈರನ್ನು ಕೊಯ್ಯುತ್ತ ಬಂದಿತ್ತು. ಕೆಟ್ಟದ್ದು ಎರಡು, ಇದ್ದ ಸ್ಟೆಪ್ನಿ ಒಂದೇ. ನಾನು ಬಾಯಿಗೆ ಬಂದಂತೆ ಬೈದೆ. "ನಿಮ್ಮ ಚಂದಕ್ಕ ಬೆಂಕಿ ಹಚ್ಚ! ಬಸುರಿ ಹೆಂಗಸಿನ್ನ ಕುಂದ್ರಿಸ್ಕೊಂಡು ಇಂಥಾ ಆಟಾ?" ಅವರು ಟೈರಿನ ಎಳೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ದೇವರು ದೊಡ್ಡವನು, ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಅಕ್ಕ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದಳು. "ನೀವು ಖಾಲಿ ಗಾಡಿ ತಗೊಂಡು ಸಾವಕಾಶ ಬರ್ರಿ" ಅಂದೆ. ಖಾಲಿ ಗಾಡಿ ಕುಸಿಯುವುದಿಲ್ಲ, ತಗಡು ತಾಗುವುದಿಲ್ಲ ಅಂತ ಅವರೂ ಅಂದರು. ಬೇಳೆಯ ಚೀಲವನ್ನೂ ಬಸ್ಸಿಗೆ ಹಾಕಿ ನಾವು ನಾಲ್ವರೂ ಹತ್ತಿದೆವು.

ಕಂಡಕ್ಟರು ಯಾರನ್ನೋ ಎಬ್ಬಿಸಿ ಮಗಳಿಗೆ ಸೀಟು ಕೊಡಿಸಿದರು. ಅವಳ ಬೆವರು ಒರೆಸಿ, ನೀರು ಕುಡಿಸಿ, "ಇನ್ನ ಅಂಜಿಕಿ ಇಲ್ಲವ್ವ" ಅಂದೆ. ಅವಳು ಕಿಟಕಿಯಿಂದ ಹಿಂದೆ ತಿರುಗಿ ನೋಡುತ್ತಲೇ ಇದ್ದಳು.

"ಯವ್ವಾ, ಖಾಲಿ ಗಾಡಿ ಖಾಲಿ ಗಾಡಿ ಅಂತೀರಲ್ಲ, ಅಪ್ಪ ಅದರಾಗಿಲ್ಲೇನು?"

ಆ ಟೈರುಗಳು ಆಗಲೇ ಅರ್ಧ ಹರಿದಿದ್ದವಲ್ಲ! ತಗಡು ತಾಗಿದರೇನು, ತಾಗದಿದ್ದರೇನು? ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಓಡಿಸುವಾಗ ಅವರು ಫೋನು ಎತ್ತುವುದಿಲ್ಲ, ಅದು ನಾನೇ ಆಣೆ ಹಾಕಿಸಿ ಕಲಿಸಿದ್ದು. ಹಿಂದಿನ ಗಾಜಿನಲ್ಲಿ ನೋಡಿದರೆ ರಸ್ತೆಯಲ್ಲಿ ನಮ್ಮ ಕಾರು ಕಾಣಲಿಲ್ಲ.

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಕೈಯನ್ನು ನಾದಿನಿಯ ಕೈಯಲ್ಲಿಟ್ಟು ಇಳಿದುಬಿಟ್ಟೆ. ಬಸ್ಸು ಹೋಯಿತು. ಲಿಂಗಸುಗೂರಿನ ರಸ್ತೆಯ ಬದಿಗೆ ಬಂದು ಒಂದು ಹಣ್ಣಿನ ಬಂಡಿಯ ಪಕ್ಕ ನಿಂತೆ. ಆ ಕಡೆಯಿಂದ ಬೈಕುಗಳು ಬರುತ್ತಿದ್ದವು. ದಾರಿಯಲ್ಲಿ ಯಾವುದಾದರೂ ಕಾರು ಬಿದ್ದದ್ದು ನೋಡಿದಿರೇನು ಅಂತ ಅವರನ್ನು ಕೇಳಬೇಕಿತ್ತು, ಕೇಳಲಿಲ್ಲ. ಕೇಳದಿದ್ದರೆ ಏನೂ ಆಗಿರುವುದಿಲ್ಲ ಅಂತ ನಿಂತುಕೊಂಡೆ. ಹಣ್ಣಿನವಳು ಎರಡು ಸಲ "ಯಾರ ದಾರಿ ನೋಡಾಕತ್ತೀಬೇ?" ಅಂದಳು. ಸೈರನ್ನಿನಂಥ ಸದ್ದೊಂದು ದೂರದಲ್ಲಿ ಕೇಳಿ ನಡುರಸ್ತೆಗೆ ಬಂದುಬಿಟ್ಟೆ. ಟ್ರ್ಯಾಕ್ಟರಿನ ಹಾರ್ನಾಗಿತ್ತು.

ಕಡೆಗೆ ಬಂತು ನಮ್ಮ ಕಾರು, ಎತ್ತಿನ ಬಂಡಿಯ ನಡಿಗೆಯಲ್ಲಿ. ಅವರು ನನ್ನನ್ನು ನೋಡಿ ನಿಲ್ಲಿಸಿದರು.

"ನೀ ಯಾಕ ಇಳದಿ? ಮಗಳೆಲ್ಲಿ?"

"ಆಕಿ ಆರಾಮ ಹೋದ್ಳು" ಅಂದು ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ.

"ಇಳಿ."

"ಇಳಿಯಂಗಿಲ್ಲ. ನೀವು ಇಲ್ಲಿ ತನಕ ಬಂದೀರಿ, ಸಿಂಧನೂರಿಗೆ ನಾನೂ ಬರ್ತೀನಿ. ನಡೀರಿ."

ಅವರು ಗೇರು ಹಾಕಲಿಲ್ಲ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಏನಾಗಂಗಿಲ್ಲ, ಏನಾಗಂಗಿಲ್ಲ ಅಂತ ದಾರಿಯುದ್ದಕ್ಕೂ ಹೇಳಿದ ಮನುಷ್ಯ ಸ್ಟೇರಿಂಗ್ ಮೇಲಿಂದ ಕೈ ತೆಗೆದುಬಿಟ್ಟರು.

"ನಾ ಒಬ್ಬ ಇದ್ದಾಗ ಹೆಂಗೋ ಬಂದೆ. ನೀ ಕುಂತರ ನನಗ ಓಡಸಾಕ ಆಗಂಗಿಲ್ಲ" ಅಂದರು. "ಟೈರ್ ಯಾವಾಗ ಹೊಡೀತೈತೋ ಗೊತ್ತಿಲ್ಲ."

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವರು ಕೀಲಿ ತಿರುಗಿಸಿ ಇಂಜಿನ್ನು ಆರಿಸಿದರು. ಗಾಡಿಯನ್ನು ಅಲ್ಲೇ ರಸ್ತೆ ಬದಿಗೆ ಬಿಟ್ಟು ಇಬ್ಬರೂ ಮುಂದಿನ ಬಸ್ಸು ಹತ್ತಿದೆವು. ಸೀಟು ಇರಲಿಲ್ಲ. ಸಿಂಧನೂರು ಬರುವ ತನಕ ಅವರ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದೆ. ಮಂದಿ ನೋಡುತ್ತಾರೆ, ಬಿಡು ಅಂದರು. ನಾನು ಬಿಡಲಿಲ್ಲ.