ಕರಿ ಚೆಂಡಿನ ಸುತ್ತ ಒಂದು ಗೇಣು

ನನ್ನ ಗಂಡ ಇಡ್ವಲ್ ಮೂವತ್ತೊಂದು ವರ್ಷ ಗಣಿಯಲ್ಲಿ ಕಲ್ಲಿದ್ದಲು ಕಡಿದ. ನಮ್ಮ ಕಣಿವೆಯಲ್ಲಿ ಎಲ್ಲ ಗಂಡಸರೂ ಮಾಡಿದ್ದು ಅದನ್ನೇ. ಅವನ ಹೆಚ್ಚುಗಾರಿಕೆ ಬೇರೆ. ಸ್ನೂಕರ್ ಮೇಜಿನ ಮುಂದೆ ನಿಂತರೆ, ಕೋಲು ಎತ್ತುವ ಮೊದಲೇ, ತಾನು ಹೊಡೆಯಲಿರುವ ಬಿಳಿ ಚೆಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅಲ್ಲೇ ನಿಲ್ಲುತ್ತಿತ್ತು.

ಅದು ಹುಟ್ಟಿನಿಂದ ಬಂದದ್ದೇನಲ್ಲ. ಬಿಳಿಯದರಿಂದ ಬಣ್ಣದ ಚೆಂಡನ್ನು ಮೇಜಿನಂಚಿನ ಗುಳಿಗೆ ಬೀಳಿಸುವುದನ್ನು ಒಂದೇ ಚಳಿಗಾಲದಲ್ಲಿ ಕಲಿತನಂತೆ. ಬೀಳಿಸಿದ ಮೇಲೆ ಬಿಳಿಯದು ಏನು ಮಾಡುತ್ತದೆಂದು ತಿಳಿಯಲು ಹನ್ನೊಂದು ವರ್ಷ ಹಿಡಿಯಿತು. ಮದುವೆಯಾದ ಹೊಸತರಲ್ಲಿ ನಮ್ಮ ಊಟದ ಮೇಜಿನ ಮೇಲೂ ಗೋಲಿ ಉರುಳಿಸುತ್ತಿದ್ದ.

"ನೋಡು ಮೆನ್ನಾ, ಬಿಳಿಯದರ ನಡುವಿಗೆ ಹೊಡೆದ್ರೆ ಎರಡು ಚೆಂಡೂ ಬಡಗಿಯ ಮೂಲೆಮಟ್ಟದ ಹಾಗೆ ಬೇರೆ ಬೇರೆ ದಾರಿ ಹಿಡೀತವೆ. ತಲೆಗೆ ಹೊಡೆದ್ರೆ ಬಿಳಿಯದು ಬೆನ್ನು ಹತ್ತುತ್ತೆ. ಬುಡಕ್ಕೆ ಹೊಡೆದ್ರೆ ವಾಪಸ್ ಬರುತ್ತೆ."

"ಸಾರು ಆರ್ತಿದೆ. ಅದೆಲ್ಲಿಗೆ ಹೋಗುತ್ತೆ, ಅದನ್ನ ಹೇಳು."

"ನೀನು ಬಾಯಿ ಮುಚ್ಚಿದ್ರೆ ನನ್ನ ಹೊಟ್ಟೆಗೆ."

ಹೀಗೆ ನಾನೂ ಕಲಿತೆ. ಆದರೆ ನಿಜವಾದ ಮೇಜನ್ನು ಮುಟ್ಟಿದವಳಲ್ಲ. ಗಣಿಗಾರರ ಕ್ಲಬ್ಬಿನ ಸ್ನೂಕರ್ ಕೋಣೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ನೆಲ ಒರೆಸಲು ಮಾತ್ರ ಬಿಡುತ್ತಿದ್ದರು. ಅದಕ್ಕೆ ನಾವು ಆಗುತ್ತಿದ್ದೆವು! ಆ ಕೆಲಸ ನನ್ನದಾಗಿತ್ತು, ಕೀಲಿ ನನ್ನ ಹತ್ತಿರವೂ ಒಂದಿತ್ತು.

ನಲವತ್ತೈದಕ್ಕೆ ಇಡ್ವಲ್‌ನ ಎದೆ ತುಂಬ ಕಲ್ಲಿದ್ದಲ ದೂಳು ಎಂದು ಡಾಕ್ಟರು ಹೇಳಿದರು. ಜೋರಾಗಿ ಹೊಡೆದರೆ ಕೆಮ್ಮು ಹಿಡಿಯುತ್ತಿತ್ತು. ಅದಕ್ಕೇ ಎಲ್ಲ ಹೊಡೆತವನ್ನೂ ಮೆಲ್ಲಗೆ ಹೊಡೆಯುವುದನ್ನು ರೂಢಿಸಿಕೊಂಡ. ಹಾಗೆ ಆಡಿಯೇ ಆ ವರ್ಷ ಕಣಿವೆಯ ಕಪ್ ಪಂದ್ಯಾವಳಿಯ ಕೊನೆಯ ಪಂದ್ಯ ಮುಟ್ಟಿದ. ನಮ್ಮೂರಿಗೆ ಆ ಕಪ್ ಒಮ್ಮೆಯೂ ಬಂದಿರಲಿಲ್ಲ.

"ಇದೊಂದು ಗೆದ್ಬಿಡ್ತೀನಿ ಕಣೇ. ಮುಂದಿನ ವರ್ಷಕ್ಕೆ ಉಸಿರು ಸಾಲಲ್ಲ," ಎಂದ.

ಪಂದ್ಯದ ದಿನ ಬೆಳಿಗ್ಗೆ ಕ್ಲಬ್ಬಿನ ಕಾವಲುಗಾರ ಹೇಡನ್ ಸೊಂಟ ಹಿಡಿದು ಮಲಗಿದ್ದ. ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವುದು ಅವನ ಕೆಲಸ. ನಾನು ನೆಲ ಒರೆಸಿದೆ. ಇಸ್ತ್ರಿಪೆಟ್ಟಿಗೆ ಅಲ್ಲೇ ಇತ್ತು. ಕೈ ಸುಮ್ಮನಿರಲಿಲ್ಲ. ಇಡೀ ಮೇಜು ಮುಟ್ಟಲು ಹೆದರಿಕೆ, ಆದರೆ ಪಂದ್ಯ ಮುಗಿಯುವುದು ಕರಿ ಚೆಂಡಿನಲ್ಲಿ ಎಂದು ಗೊತ್ತಿತ್ತಲ್ಲ, ಆ ಚೆಂಡಿಡುವ ಜಾಗದ ಸುತ್ತ ಒಂದು ಗೇಣಿನಷ್ಟು ಬಟ್ಟೆಯನ್ನು ಅವನ ಅಂಗಿಯ ಕಾಲರಿನಂತೆ ನೀಟಾಗಿ ತಿಕ್ಕಿದೆ. ನನ್ನ ಕೈಲಾದದ್ದು ಇಷ್ಟು ಎಂದುಕೊಂಡು ಖುಷಿಯಿಂದ ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಸಂಜೆ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತಿದ್ದೆವು. ಒಳಗಿನಿಂದ ಚೆಂಡಿನ ಸದ್ದು ಮಾತ್ರ ಕೇಳುತ್ತಿತ್ತು. ಇಡ್ವಲ್ ಗುಲಾಬಿ ಚೆಂಡನ್ನು ಬೀಳಿಸಿದ, ಕರಿಯದೊಂದೇ ಉಳಿದಿದೆ, ಅದನ್ನು ಬೀಳಿಸಿದವರಿಗೆ ಕಪ್ ಎಂದು ಯಾರೋ ಬಾಗಿಲಿನಿಂದ ಕೂಗಿದರು. ಆಮೇಲೆ ಒಂದು ದೊಡ್ಡ "ಅಯ್ಯೋ".

ಗುಲಾಬಿಯದನ್ನು ಬೀಳಿಸಿ ಕರಿಯದರ ಹತ್ತಿರ ಮೆಲ್ಲಗೆ ಬಂದ ಬಿಳಿ ಚೆಂಡು, ಇಡ್ವಲ್ ಬೆರಳಿಟ್ಟ ಕಡೆ ನಿಲ್ಲದೆ, ಪಕ್ಕಕ್ಕೆ ಸರಿದು ಅಂಚಿಗೆ ಅಂಟಿಕೊಂಡಿತ್ತಂತೆ. ಅಲ್ಲಿಂದ ಹೊಡೆದದ್ದು ಬೀಳಲಿಲ್ಲ. ಎದುರಾಳಿ ಹುಡುಗ ಒಂದೇ ಬಿರುಸಿನ ಏಟಿಗೆ ಕರಿಯದನ್ನು ಬೀಳಿಸಿ ಕಪ್ ಎತ್ತಿಕೊಂಡ.

ಇಡ್ವಲ್‌ನ ಕೈಚಳಕ ಹೋಯಿತು ಎಂದು ಊರೆಲ್ಲ ಆಡಿಕೊಂಡಿತು. ಅವನು ಮತ್ತೆ ಕೋಲು ಮುಟ್ಟಲಿಲ್ಲ. ಹದಿನಾಲ್ಕು ತಿಂಗಳು ಕಿಟಕಿಯ ಪಕ್ಕ ಕೂತು ಕೆಮ್ಮಿ, ಹೋಗಿಬಿಟ್ಟ.

ಎಷ್ಟೋ ವರ್ಷಗಳ ಮೇಲೆ ಕ್ಲಬ್ಬಿನವರು ಹೆಂಗಸರನ್ನೂ ಒಳಗೆ ಬಿಟ್ಟರು. ಮುದುಕನಾಗಿದ್ದ ಹೇಡನ್ ನನ್ನ ಅಂಗೈ ಹಿಡಿದು ಹಸಿರು ಬಟ್ಟೆಯ ಮೇಲಿಟ್ಟ.

"ಈ ಕಡೆ ಸವರು. ನುಣುಪಾ? ಈಗ ಆ ಕಡೆ. ಒರಟು, ಅಲ್ವಾ? ಬೆಕ್ಕಿನ ಮೈ ಇದ್ದ ಹಾಗೆ. ಇಸ್ತ್ರಿ ಯಾವಾಗ್ಲೂ ಆ ತುದಿಯಿಂದ ಕರಿ ಚೆಂಡಿಡೋ ತುದಿಗೇ ತಳ್ಕೊಂಡು ಹೋಗ್ಬೇಕು. ಉಲ್ಟಾ ತಿಕ್ಕಿದ್ರೆ ಮೆಲ್ಲಗೆ ಬರೋ ಚೆಂಡು ದಾರಿ ತಪ್ಪುತ್ತೆ. ಜೋರಾಗಿ ಹೊಡೆಯೋರಿಗೆ ಗೊತ್ತೇ ಆಗಲ್ಲ."

ಅವತ್ತು ನಾನು ಮೇಜಿನ ಕರಿ ಚೆಂಡಿಡುವ ತುದಿಯಲ್ಲಿ ನಿಂತು, ಇಸ್ತ್ರಿಯನ್ನು ನನ್ನ ಕಡೆಯಿಂದ ಆಚೆಗೆ ತಳ್ಳಿದ್ದೆ. ಇಡ್ವಲ್ ಗೋಲಿ ಆಡಿಸಿ ಕಲಿಸಿದ ಊಟದ ಮೇಜಿನ ಮೇಲೆ ಇಂಥ ಬಟ್ಟೆಯೇ ಇರಲಿಲ್ಲ.

"ಅವನಿಗೆ ಗೊತ್ತಿತ್ತಾ?" ಎಂದೆ.

"ಸೋತ ಮೇಲೆ ಆ ಜಾಗನ ಕೈಯಲ್ಲಿ ಸವರಿ ನೋಡಿದ್ನಂತೆ. ಸೀದಾ ನನ್ನ ಮನೆಗೆ ಬಂದ. ಇಸ್ತ್ರಿ ನೀನು ಮಾಡಿದ್ದಾ ಅಂತ ಕೇಳ್ದ. ಇಲ್ಲ ಅಂದೆ. 'ಯಾರು ಕೇಳಿದ್ರೂ ನೀನೇ ಮಾಡಿದ್ದು ಅಂತ ಹೇಳು, ಸರಿಯಾಗೇ ಮಾಡಿದ್ದೆ ಅನ್ನು' ಅಂದು ಎದ್ದು ಹೋದ. ನಾನೂ ಹಾಗೇ ಹೇಳ್ಕೊಂಡು ಬಂದೆ ಮೆನ್ನಾ."

ಆ ಹದಿನಾಲ್ಕು ತಿಂಗಳಲ್ಲಿ ನಾನು ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. "ಅಷ್ಟು ಹತ್ತಿರದ್ದು! ಅದ್ಹೇಗೆ ತಪ್ಪಿಸ್ದೆ?" ಎಂದು ಊಟಕ್ಕೆ ಬಡಿಸುವಾಗೆಲ್ಲ ಚುಚ್ಚುತ್ತಿದ್ದೆ. "ವಯಸ್ಸಾಯ್ತಲ್ಲೇ," ಎಂದು ತಲೆ ತಗ್ಗಿಸಿ ಉಣ್ಣುತ್ತಿದ್ದ. ಒಂದೇ ಒಂದು ಸಲ ನನ್ನ ಮೇಲೆ ರೇಗಿಬಿಟ್ಟಿದ್ದರೆ, ಅವನ ಕಾಲು ಹಿಡಿದು ತಪ್ಪಾಯಿತು ಅನ್ನುತ್ತಿದ್ದೆ.